ಗೆಣ್ಣು

ಹತ್ತೊಂಬತ್ತು. ಬೇಕಾದರೆ ಎಣಿಸಿ ನೋಡು.
ಹಾರ್ಲಿಕ್ಸ್ ಬಾಟಲಿಯಲ್ಲಿ ನಿಂತಿರುವವು ಏಳು,
ಉಳಿದವು ಹಳೆಯ ಟ್ರಂಕಿನಲ್ಲಿ, ಪಂಚೆಯ ಹರುಕು ಹೊದ್ದು.
ತಾಳವಾಡಿಯ ಜನ ನಗುತ್ತಾರೆ:
ಲಾರಿ ರಾಚಪ್ಪನಿಗೆ ಮುದಿವಯಸ್ಸಲ್ಲಿ ಚುಂಗಾಣಿ ಹುಚ್ಚು.

ಮೂವತ್ತು ವರ್ಷ ನಾನು ಬಿದಿರು ಸಾಗಿಸಿದೆ.
ಹಾಸನೂರಿಂದ ಹೊರಟು ದಿಂಬಂ ಇಳಿದು,
ಇಪ್ಪತ್ತೇಳು ತಿರುವಿನಲ್ಲೂ ಹಿಂದಿನ ಕಟ್ಟು ನರಳುವುದ ಕೇಳುತ್ತ,
ಕಾಗದದ ಕಾರ್ಖಾನೆಗೆ ಟನ್ನುಗಟ್ಟಲೆ ಸುರಿದು ಬಂದೆ.
ಒಂದು ಬಿದಿರಿನ ಮುಖವೂ ನೆನಪಿಲ್ಲ.

ಇವುಗಳ ಮುಖ ಮಾತ್ರ ಕತ್ತಲಲ್ಲೂ ಗುರುತು,
ಹೆಬ್ಬೆರಳು ಆಡಿಸಿದರೆ ಸಾಕು.
ಇದು ಮೂರು ಗೆಣ್ಣಿನದು, ನಡುವಿನದು ತುಸು ಸೊಟ್ಟ;
ಹುಣಸೆ ಬೇರಿನ ಬಟ್ಟಲು, ಅಂಚು ಸುಟ್ಟಿದೆ,
ಗಾಳಿಯಲ್ಲಿ ಕಡ್ಡಿ ಗೀರಿದ ನನ್ನ ಅವಸರ.
ಇದು ಜೇನುಬಣ್ಣಕ್ಕೆ ತಿರುಗಿತು, ಬಟ್ಟಲ ಕಡೆಯಿಂದಲ್ಲ, ತುಟಿಯ ಕಡೆಯಿಂದ.
ಇದು ಗಿಡ್ಡ. ಗೇರು ಬದಲಿಸುವಾಗ ಹಲ್ಲಲ್ಲಿ ಕಚ್ಚಿ ಹಿಡಿಯಲೆಂದೇ
ದುಂಡಮ್ಮ ಅಳತೆ ತೆಗೆದು ಮಾಡಿದ್ದು,
ನನ್ನ ಗದ್ದ ಹಿಡಿದು ಆಚೆ ಈಚೆ ತಿರುಗಿಸಿ,
ಸಂತೆಯಲ್ಲಿ ಎತ್ತಿನ ಹಲ್ಲು ನೋಡುವ ಹಾಗೆ.

ಮೇದರ ದುಂಡಮ್ಮ. ಮೊರ, ಕುಕ್ಕೆ ಅವಳ ಊಟಕ್ಕೆ,
ಚುಂಗಾಣಿ ಅವಳ ಸುಖಕ್ಕೆ.
ಕಿರುಬಿದಿರೇ ಆಗಬೇಕು. ಬೆಳದಿಂಗಳಲ್ಲಿ ಕಡಿದರೆ ಹುಳ ಹತ್ತುತ್ತದೆ.
ಒಲೆ ಮೇಲಿನ ಅಟ್ಟದಲ್ಲಿ ಎರಡು ವರ್ಷ ಮಲಗಬೇಕು.
"ಮೊದ್ಲು ಅದು ಹೊಗೆ ಕುಡೀಲಿ ಕಣಪ್ಪಾ, ಆಮೇಲೆ ನಿಂಗೆ ಕುಡಿಸ್ತದೆ."
ಸೈಕಲ್ಲಿನ ಕಡ್ಡಿ ಕೆಂಪಗೆ ಕಾಯಿಸಿ
ಒಂದೊಂದೇ ಗೆಣ್ಣು ತೂತು ಹೊಡೆಯುವಳು.
ಚುಂಯ್! ಸುಟ್ಟ ಸಕ್ಕರೆಯ ವಾಸನೆ.
ಪ್ರತಿ ಗೆಣ್ಣಿಗೂ ಒಮ್ಮೆ ಊದಿ ಕಿವಿಗೊಡುವಳು,
ಒಳಗೆ ಯಾರೋ ಇದ್ದಾರೆ ಎಂಬಂತೆ.

ಸೇದುವ ಸುಖ ಹೇಳಲೇ?
ಬೀಡಿಯ ಹೊಗೆ ಬಡಿಯುತ್ತದೆ. ಇದು ನಡೆದು ಬರುತ್ತದೆ.
ಮೊದಲ ಗೆಣ್ಣಲ್ಲಿ ಬಿಸಿ ಇಳಿಸಿ, ಎರಡನೆಯದರಲ್ಲಿ ಒಗರು ಬಿಟ್ಟು,
ನಾಲಿಗೆಗೆ ಬರುವ ಹೊತ್ತಿಗೆ
ನೆಂಟನ ಹಾಗೆ ಕಾಲು ತೊಳೆದಿರುತ್ತದೆ.

ಒಂದು ವರ್ಷ ಕಾಡಿಗೆ ಕಾಡೇ ಹೂ ಬಿಟ್ಟಿತು.
ಬಿದಿರು ಹೂ ಬಿಡುವುದು ಸಾಯಲಿಕ್ಕೆ.
ಜನ ಬಿದಿರಕ್ಕಿ ಗುಡಿಸಿ ತಂದು ಅನ್ನ ಮಾಡಿದರು. ನಾನೂ ಉಂಡೆ.
ಒಣಗಿದ ಮೆಳೆಗಳಲ್ಲಿ ಗಾಳಿ, ನನ್ನ ಲಾರಿಯ ಹಿಂಬದಿಯಂತೆ ನರಳುತ್ತಿತ್ತು.
ಆಮೇಲೆ ಪರ್ಮಿಟ್ಟಿಲ್ಲ, ಲೋಡಿಲ್ಲ. ಲಾರಿ ಮಾರಿದೆ.
ದುಂಡಮ್ಮನ ಅಟ್ಟದಲ್ಲಿ ಉಳಿದಿದ್ದದ್ದು ಒಂದು ತುಂಡು, ಮೊಣಕೈ ಉದ್ದ.

ಅದರಲ್ಲೇ ಮಾಡಿದಳು ಹತ್ತೊಂಬತ್ತನೆಯದನ್ನು.
ಐದು ಗೆಣ್ಣು! ನೂರರ ನೋಟು ಕೊಟ್ಟೆ, ಚಿಲ್ಲರೆ ಕೊಡಲಿಲ್ಲ ಅವಳು.
ಮನೆಗೆ ಬಂದು ಹೊಗೆಸೊಪ್ಪು ತುಂಬಿ, ಕಡ್ಡಿ ಗೀರಿ, ಎಳೆದೆ.
ಕೆನ್ನೆ ಗುಳಿಬಿತ್ತೇ ಹೊರತು ಹೊಗೆ ಬರಲಿಲ್ಲ.
ಮರುದಿನ ಜಗಳಕ್ಕೇ ಹೋದೆ.
ತಲೆ ಎತ್ತದೆ ಮೊರ ಹೆಣೆಯುತ್ತಲೇ ಅಂದಳು:
"ಕಡೇ ಗೆಣ್ಣ ಹೊಡ್ದಿಲ್ಲ. ನಿನ್ ಕೆಮ್ಮು ಈ ಬೀದಿಗಂಟ ಕೇಳ್ತದೆ.
ಇದು ಸೇದಾಕಲ್ಲ, ಇಟ್ಕಳಾಕೆ."

ಹೋದ ತಿಂಗಳು ಕೊಯಮತ್ತೂರಿನಿಂದ ಒಬ್ಬರು ಬಂದಿದ್ದರು,
ಇಂಥವನ್ನೇ ಕೂಡಿಡುವವರು.
ಬಿಳಿ ಟವೆಲ್ಲು ಹಾಸಿ, ಕನ್ನಡಕ ಹಣೆಗೇರಿಸಿ,
ಒಂದೊಂದನ್ನೂ ಊದಿ ನೋಡಿ ಬೆಲೆ ಕಟ್ಟಿದರು. ಒಳ್ಳೆಯ ಬೆಲೆಯೇ.
ಕೊನೆಯದನ್ನು ಊದಿ, ಬೆಳಕಿಗೆ ಹಿಡಿದು, ಮತ್ತೆ ಊದಿ,
"ಅಡೈಚ್ಚಿರುಕ್ಕು" ಅಂದರು, ಪಾಪ, ಸಂಕೋಚದಿಂದ.
ಹೌದು, ಕಟ್ಟಿಕೊಂಡಿದೆ ಅಂದೆ.
ಒಂದನ್ನೂ ಕೊಡಲಿಲ್ಲ. ಟೀ ಕುಡಿಸಿ ಬಸ್ಸು ಹತ್ತಿಸಿದೆ.

ಬಂದು ಅದನ್ನೇ ಬಾಯಿಗಿಟ್ಟು ಕೂತೆ, ಬಟ್ಟಲು ಖಾಲಿ.
ಊದಿದ ಉಸಿರು ನಾಲ್ಕು ಗೆಣ್ಣು ದಾಟಿ, ಐದನೆಯದನ್ನು ತಟ್ಟಿ,
ಯಾರದೋ ಅಟ್ಟದ ವಾಸನೆ ಹೊತ್ತು
ಬೆಚ್ಚಗೆ ವಾಪಸು ಬರುತ್ತಿತ್ತು.